ಸಣ್ಣ ಸೂಜಿಯ ಮಾದೇವಿ ಡಾಕ್ಟರು

ಮಾದೇವಿ ಡಾಕ್ಟರ ದವಾಖಾನೆಯಲ್ಲಿ ನಾಯಿಗೆ ಬಹುವಚನ, ನಾಯಿ ತಂದವನಿಗೆ ಏಕವಚನ. ಇದಕ್ಕೆ ರಿಯಾಯಿತಿ ಇರಲಿಲ್ಲ. ತಂದವನು ಬಿಲ್ಡರ್ ಇರಲಿ, ಕಚೇರಿಯ ದೊಡ್ಡ ಸಾಹೇಬನಿರಲಿ, ಬೆರಳಿಗೊಂದು ಉಂಗುರ ಹಾಕಿದ ಬಂಗಾರದಂಗಡಿಯವನಿರಲಿ, ಹೊಸ್ತಿಲು ದಾಟಿದ ಕೂಡಲೇ ಅವನು 'ಲೇ' ಆಗುತ್ತಿದ್ದ. ಅವನ ಕೈಯ ಪಟ್ಟಿಯ ತುದಿಯಲ್ಲಿ ನಾಲಿಗೆ ಚಾಚಿಕೊಂಡು ನಿಂತವರು 'ಸಾಹೇಬ್ರು' ಆಗುತ್ತಿದ್ದರು.

"ಬರ್ರಿ ಸಾಹೇಬ್ರ, ಏನ್ ತ್ರಾಸ ಆಗೇತಿ?" ಇದು ನಾಯಿಗೆ. ಯಜಮಾನ ಬಾಯಿ ತೆರೆದರೆ, "ನೀ ಸುಮ್ನಿರಲೇ. ನಿನ್ನ ಯಾರು ಕೇಳಿದ್ರು? ಅವರು ಹೇಳ್ತಾರ."

ಅವರು ಹೇಳುತ್ತಲೂ ಇದ್ದರು ಅನ್ನಿ. ಡಾಕ್ಟರು ಮೊದಲು ಬಾಯಿ ಮೂಸುತ್ತಿದ್ದರು. ಆಮೇಲೆ ಕಣ್ಣಿನ ರೆಪ್ಪೆ ಎತ್ತಿ, ಕುತ್ತಿಗೆಯ ಚರ್ಮ ಹಿಡಿದೆಳೆದು ಬಿಟ್ಟು ಅದು ಎಷ್ಟು ಬೇಗ ಕೂರುತ್ತದೆ ಅಂತ ನೋಡಿ, ಹೊಟ್ಟೆಗೆ ಅಂಗೈ ಊರಿ, ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ತಿರುಗಿದಾಗ ಸಿದ್ಧವಾಗಿರುತ್ತಿದ್ದದ್ದು ಎರಡು: ಪ್ರಾಣಿಗೆ ಔಷಧಿ, ಮನುಷ್ಯನಿಗೆ ಬೈಗುಳ.

ಮುಂಬಯಿ ಲೋಕಲ್ಲಿನ ವಿಠ್ಠಲವಾಡಿ ಸ್ಟೇಶನ್ನಿನಿಂದ ಹೊರಬಿದ್ದು ಜನ ತಳ್ಳಿದ ಕಡೆ ನಡೆದರೆ, ಮೊಬೈಲ್ ಕವರ್ ಮಾರುವವನಿಗೂ ಇಸ್ತ್ರಿ ಅಂಗಡಿಗೂ ನಡುವೆ ಒಂದೇ ಶಟರಿನ ಜಾಗ ಅವರದು. ಅವರ ಅಪ್ಪ ವಿಜಯಪುರದ ಕಡೆಯಿಂದ ಬಂದು ಕಲ್ಯಾಣದಲ್ಲಿ ಮೂಟೆ ಹೊತ್ತವರು. ಅವರಿದ್ದ ಚಾಳಿನ ಉಳಿದ ಮಕ್ಕಳೆಲ್ಲ ಹಿಂದಿಗೆ ಹೋದರು, ಇವರು ಮಾತ್ರ ಅಪ್ಪನ ಮಾತನ್ನೇ ಹಿಡಿದುಕೊಂಡರು. ಮೊದಲ ವರ್ಷಗಳಲ್ಲೆಲ್ಲ ಕಲ್ಯಾಣದ ತಬೇಲಾಗಳಲ್ಲಿ ಎಮ್ಮೆಗಳ ಹಿಂದೆ ಮೊಣಕೈವರೆಗೆ ಕೈ ಹಾಕಿ ಹೆರಿಗೆ ಮಾಡಿಸಿದ್ದಾರೆ. ಆಮೇಲೆ ತಬೇಲಾ ಹೋಗಿ ಟವರ್ ಎದ್ದವು, ಎಮ್ಮೆ ಇದ್ದಲ್ಲಿ ನಾಯಿ ಬಂದವು. ಮರಾಠಿಯವರೊಡನೆ ಮರಾಠಿ, ಸಿಂಧಿಗಳೊಡನೆ ಹಿಂದಿ ಆಡುತ್ತಿದ್ದರೂ ಬೈಗುಳ ಮಾತ್ರ ಎಲ್ಲರಿಗೂ ಸಮನಾಗಿ ಕನ್ನಡದಲ್ಲಿ. ಬೈಸಿಕೊಂಡವರು ಯಾರೂ ಅರ್ಥ ಕೇಳಿದ್ದಿಲ್ಲ.

ಬೈಗುಳದಲ್ಲೂ ಒಂದು ಮಡಿ ಇತ್ತು. ಕತ್ತೆ, ಕೋಣ, ಹಂದಿ ಅಂತ ಅವರು ಯಾರನ್ನೂ ಬೈದವರಲ್ಲ. ತಗಡೇ, ಪಂಕ್ಚರ್ ಟ್ಯೂಬೇ, ಬಾಡಿಗೆ ಸೈಕಲ್ಲೇ, ಹೀಗೆ ಜೀವ ಇಲ್ಲದ ಸಾಮಾನುಗಳನ್ನೇ ಆರಿಸಿಕೊಳ್ಳುತ್ತಿದ್ದರು. ಒಮ್ಮೆ ನಾನು ರಿಕ್ಷಾದವನೊಬ್ಬನನ್ನು ಅವರೆದುರು ಕೋಣ ಅಂದೆ. "ಕೋಣ ಏನ್ ಮಾಡ್ತಲೇ ನಿನಗ?" ಅಂದರು. ಉತ್ತರ ಬೇಕಿತ್ತು ಅವರಿಗೆ.

ಅವರ ತಿರಸ್ಕಾರಕ್ಕೆ ಆ ಊರು ದಿನವೂ ಮೇವು ಒದಗಿಸುತ್ತಿತ್ತು, ಅದನ್ನೂ ಹೇಳಬೇಕು. ಮಂಜಿನ ದೇಶದಲ್ಲಿ ಗಾಡಿ ಎಳೆಯುವ ನಾಯಿಯನ್ನು ತಂದು, ಇಪ್ಪತ್ತನೇ ಮಾಳಿಗೆಯ ಬಾಲ್ಕನಿಯಲ್ಲಿ ಕಟ್ಟಿ, ಏಪ್ರಿಲ್ ತಿಂಗಳಲ್ಲಿ "ಡಾಕ್ಟರ್, ಯೇ ಖಾತಾ ನಹೀಂ" ಅಂತ ಕಣ್ಣೊರೆಸಿಕೊಳ್ಳುವ ಜನ. ಅಂಥವನೊಬ್ಬ ಡೊಂಬಿವಲಿಯಿಂದ ಬಂದಾಗ ನಾನು ಅಲ್ಲೇ ಇದ್ದೆ. ಡಾಕ್ಟರು ಆ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಸಾಹೇಬ್ರ, ಯಾರಿಗೆ ಏನ್ ಅಂದಿದ್ರಿ ನೀವು, ನಿಮ್ಮನ್ನ ಡೊಂಬಿವಲಿಗೆ ವರ್ಗಾ ಮಾಡ್ಯಾರ?" ಅಂದರು. ಆಮೇಲೆ ಯಜಮಾನನ ಕಡೆ ತಿರುಗಿ, "ಇವರಿಗೆ ಎಸಿ ಹಾಕು. ಇಲ್ಲಾಂದ್ರ ನೀ ಸ್ವೆಟರ್ ಹಾಕ್ಕೊಂಡು ಇವರ ಬಾಜೂಕ ಕುಂಡ್ರು, ತಿಳೀತೈತಿ." ಅವನು ಅರ್ಥವಾಗದೆ ತಲೆಯಾಡಿಸಿ ಹೋದ. ಎಸಿ ಹಾಕಿಸಿದನಂತೆ.

ನನಗೆ ಅವರ ಪರಿಚಯವಾದದ್ದು ಗೋಳಿಯಿಂದ. ಗೋಳಿ ನನ್ನ ಸೀತಾರಾಮ ಮಾವನ ಹೋಟೆಲಿನ ನಾಯಿ. ಮಾವ ಅಂದರೆ ಅಮ್ಮನ ತಮ್ಮ. ಕುಂದಾಪುರದಿಂದ ಹುಡುಗನಾಗಿ ಬಂದು, ಕಪ್ಪು ಬಸಿ ತೊಳೆದು, ಡೊಂಬಿವಲಿ ಪೂರ್ವದಲ್ಲಿ ಸ್ವಂತ ಹೋಟೆಲ್ ಮಾಡಿದವರು. ಅಡುಗೆಮನೆಯ ಹಿಂಬಾಗಿಲಲ್ಲಿ ಬಿದ್ದುಕೊಂಡಿದ್ದ ಕಂದು ಬಣ್ಣದ ಗುಂಡಗಿನ ಮರಿಗೆ ಗೋಳಿಬಜೆಯ ಹೆಸರಿಟ್ಟವರು ರತ್ನತ್ತೆ, ಮಾವನ ಹೆಂಡತಿ. ಅತ್ತೆಗೆ ಆ ನಾಯಿಯೆಂದರೆ ಎಷ್ಟು ಪ್ರಾಣವೆಂದರೆ, ಮಾವ ಊಟಕ್ಕೆ ಬರುವುದು ತಡವಾದರೆ ಕೇಳದವರು, ಗೋಳಿ ತಡವಾದರೆ ಬೀದಿಗೆ ಬರುತ್ತಿದ್ದರು.

ಆ ಗೋಳಿ ಒಂದು ಬೇಸಿಗೆಯಲ್ಲಿ ತಿಂದೂ ತಿಂದೂ ಸೊರಗತೊಡಗಿದ. ಬಕೆಟ್ಟುಗಟ್ಟಲೆ ನೀರು ಕುಡಿಯುವುದು, ಕಂಡಲ್ಲಿ ಉಚ್ಚೆ ಹೊಯ್ಯುವುದು. ಹೊಯ್ದ ಜಾಗಕ್ಕೆ ಇರುವೆ ಸಾಲುಗಟ್ಟಿ ಬರುತ್ತಿದ್ದವು. ವಿಠ್ಠಲವಾಡಿಗೆ ಒಯ್ದಾಗ ಡಾಕ್ಟರು ಬಾಯಿ ಮೂಸಿ, ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, "ಸಕ್ಕರಿ ಬ್ಯಾನಿ. ಇನ್ಸುಲಿನ್ ಬೇಕು, ಇರೂತನ ಬೇಕು," ಅಂದರು. ನಾಯಿಯನ್ನು ಕೆಲವು ದಿನ ತಮ್ಮಲ್ಲೇ ಇಟ್ಟುಕೊಂಡು ಅವರೇ ಚುಚ್ಚಿದರು. ಗೋಳಿ ಚೇತರಿಸಿಕೊಂಡ. ಹೋಟೆಲಿನವರೊಬ್ಬರು ಹೋಗಿ ಅವನನ್ನೂ ಔಷಧಿಯ ಬಾಟಲಿಯನ್ನೂ ತಂದರು. ಆ ಸಂಜೆ ಡಾಕ್ಟರು ಮಾವನಿಗೆ ಫೋನು ಮಾಡಿದರು.

ಆ ಫೋನು ನಮ್ಮ ಮನೆತನದಲ್ಲಿ ಈಗಲೂ ಚಾಲ್ತಿಯಲ್ಲಿದೆ. ಗಲ್ಲಾದ ಪಕ್ಕ ನಿಂತು ಚಹಾ ಕುಡಿಯುತ್ತಿದ್ದ ನಾನು ಮಾವನ ಕಡೆಯ ಮಾತನ್ನು ಕಿವಿಯಾರೆ ಕೇಳಿದ್ದೇನೆ. ಇನ್ನೊಂದು ಕಡೆಯದು ಆಮೇಲೆ ಡಾಕ್ಟರೇ ಹಲ್ಲು ಕಚ್ಚಿಕೊಂಡು ಹೇಳಿದ್ದು.

"ಬಾಟ್ಲಿ ಫ್ರಿಜ್ಜಿನ್ಯಾಗ ಇಡು. ಎರಡೂ ಹೊತ್ತು ಸೂಜ್ಯಾಗ ಹಾಕಿ ಅವರಿಗೆ ಕೊಡು."

"ಆಯ್ತು ಡಾಕ್ಟ್ರೇ. ಸೂಜಿಯಲ್ಲಿ ಹಾಕಿ ಕೊಡುದು."

"ಸಣ್ಣ ಸೂಜಿ ಇರ್ಲಿ. ದಪ್ಪ ಸೂಜಿ ಅವರಿಗೆ ತ್ರಾಸ ಆಗ್ತೈತಿ."

"ಸಣ್ಣದೇ ಕೊಡುವ. ದಪ್ಪದ್ದು ಯಾರಿಗೂ ಸೇರುದಿಲ್ಲ."

"ನಿನ್ನ ಹತ್ರ ಐತೇನು ಸೂಜಿ? ಇಲ್ಲಾಂದ್ರ ಮೆಡಿಕಲ್‌ನ್ಯಾಗ ತಗೋ."

"ಮೆಡಿಕಲಿಗೆ ಎಂತಕ್ಕೆ ಮಾರಾಯ್ರೆ? ನಮ್ಮಲ್ಲಿ ಗೋಣಿಗಟ್ಟಲೆ ಬಿದ್ದಿದೆ!"

ಮಾವನಿಗೂ ಶುಗರ್ ಇರುವುದು ಡಾಕ್ಟರಿಗೆ ಗೊತ್ತಿತ್ತು. ಮನೆಯಲ್ಲಿ ಸೂಜಿ ಇರುವುದು ಸಹಜ, ಗೋಣಿಗಟ್ಟಲೆ ಅನ್ನುವುದು ಹೋಟೆಲಿನವನ ಬಡಾಯಿ ಅಂದುಕೊಂಡರು. "ಕೊಡಾಕ ಬರ್ತೈತೇನು ನಿನಗ?" ಅಂತ ಒಂದು ಮಾತು ಕೇಳಿಯೇ ಕೇಳಿದರಂತೆ.

"ಹುಟ್ಟಿದಾಗಿಂದ ಅದೇ ಕೆಲಸ ಡಾಕ್ಟ್ರೇ. ಇಡೀ ಡೊಂಬಿವಲಿಗೇ ಕೊಟ್ಟಿದ್ದೇನೆ!"

ಈಗ ಹೇಳಿಬಿಡುತ್ತೇನೆ. ವಿಜಯಪುರದ ಕಡೆ ಸೂಜಿ ಅಂದರೆ ಚುಚ್ಚುವುದು. ಮುಂಬಯಿ ಕಡೆಯ ಹೋಟೆಲಿನ ಅಡುಗೆಮನೆಯಲ್ಲಿ ಸೂಜಿ ಅಂದರೆ ರವೆ. ಕಿರಾಣಿಯವನ ಹಿಂದಿ ಒಳಗೆ ಬಂದು ಊರಿನ ಮಾತನ್ನು ಯಾವತ್ತೋ ಓಡಿಸಿಬಿಟ್ಟಿದೆ. ಶೀರಾಕ್ಕೆ ಸಣ್ಣ ಸೂಜಿ, ಉಪ್ಪಿಟ್ಟಿಗೆ ದಪ್ಪ ಸೂಜಿ ಅಂತ ಡಬ್ಬಗಳೇ ಬೇರೆ. ಮಾವ ಒಳಗೆ ಹೋಗಿ ಅಡುಗೆಯ ಅಣ್ಣಪ್ಪ ಭಟ್ಟರಿಗೆ ಅಪ್ಪಣೆ ಕೊಟ್ಟರು: ಗೋಳಿಗೆ ಎರಡು ಹೊತ್ತು ಸಣ್ಣ ಸೂಜಿಯ ಉಪ್ಪಿಟ್ಟು, ಇಳಿಸಿದ ಮೇಲೆ ಬಾಟಲಿಯ ಮದ್ದು ನಾಲ್ಕು ಹನಿ. ಭಟ್ಟರು ನಾಯಿಗೆ ಅಂತ ಕೈ ಬಿಗಿ ಮಾಡುವವರಲ್ಲ. ತುಪ್ಪದಲ್ಲಿ ಹುರಿದು, ಒಗ್ಗರಣೆ ಕೊಟ್ಟು, ಆರಿಸಿ, ಮದ್ದು ಬೆರೆಸಿ ಹಾಕುತ್ತಿದ್ದರು. ಗೋಳಿ ತಟ್ಟೆ ನೆಕ್ಕುತ್ತಿದ್ದ.

ನೆಕ್ಕುತ್ತಲೇ ನೆಲ ಹಿಡಿದ. ಅತ್ತೆ ಗಾಬರಿಯಾಗಿ ಫೋನು ಮಾಡಿದ ಮೇಲೆ ಡಾಕ್ಟರು ಒಂದು ದಿನ ಹನ್ನೊಂದರ ಹೊತ್ತಿಗೆ ತಾವೇ ಹೋಟೆಲಿಗೆ ಬಂದರು. ಬಂದವರು ನೇರ ಅಡುಗೆಮನೆಗೆ ನುಗ್ಗಿದಾಗ ಅಣ್ಣಪ್ಪ ಭಟ್ಟರು ಎಡಗೈಯಲ್ಲಿ ಸೌಟು, ಬಲಗೈಯಲ್ಲಿ ಮುಚ್ಚಳ ಕಿತ್ತ ಇನ್ಸುಲಿನ್ ಬಾಟಲಿ ಹಿಡಿದು ಉಪ್ಪಿಟ್ಟಿನ ಮೇಲೆ ಹನಿ ಬಿಡುತ್ತಿದ್ದರು.

ಡಾಕ್ಟರು ಸೌಟನ್ನೂ ಬಾಟಲಿಯನ್ನೂ ನೋಡಿದರು.

"ಏನಲೇ ಅದು?"

"ಗೋಳಿಯ ಉಪ್ಪಿಟ್ಟು," ಅಂದರು ಭಟ್ಟರು ಹೆಮ್ಮೆಯಿಂದ. "ನಿಮಗೂ ಒಂದು ಪ್ಲೇಟು ಮಾಡ್ಲಾ?"

ಆಮೇಲೆ ಅಲ್ಲಿ ಬಿದ್ದ ಮಾತುಗಳನ್ನು ನಾನು ಇಲ್ಲಿ ಪೂರ್ತಿ ಬರೆಯುವ ಹಾಗಿಲ್ಲ. ತುಕ್ಕು ಹಿಡಿದ ತಗಡು, ಸೋರುವ ನಲ್ಲಿ, ಪೆಡಲ್ ಇಲ್ಲದ ಸೈಕಲ್ಲು, ಒಂದು ಇಡೀ ಗುಜರಿ ಅಂಗಡಿಯೇ ಮಾವನ ತಲೆಯ ಮೇಲೆ ಉರುಳಿತು. ಮಾವ ಕೆಂಪಗಾದರು. ಗಲ್ಲಾದ ಮೇಲೆ ಕೂತು ನಾಲ್ಕು ಜನರಿಂದ ಶೇಟ್ ಅನ್ನಿಸಿಕೊಂಡವರು.

"ನೀವೇ ಹೇಳಿದ್ದಲ್ದಾ ಮಾರಾಯ್ರೆ, ಸಣ್ಣ ಸೂಜಿಯಲ್ಲಿ ಹಾಕಿ ಕೊಡಿ ಅಂತ!"

"ಹೌದು, ಹೇಳೀನಿ. ಸೂಜಿ!" ಡಾಕ್ಟರು ಬೆರಳಿನಿಂದ ಗಾಳಿಗೆ ಚುಚ್ಚಿದರು.

"ಹೌದು, ಸೂಜಿ!" ಮಾವ ರವೆಯ ಡಬ್ಬ ಎತ್ತಿ ಅವರ ಮೂಗಿನ ಹತ್ತಿರ ಹಿಡಿದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಡಬ್ಬವನ್ನು ನೋಡಿದರು. ಮೊದಲು ಕಿಸಕ್ಕೆಂದದ್ದು ಅತ್ತೆ. ಡಾಕ್ಟರು ನಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. "ಕನ್ನಡದವರ ಅಡಿಗಿಮನ್ಯಾಗ ರವಾಕ್ಕ ರವಾ ಅನ್ನಾಕ ಏನ್ ರೋಗ ನಿಮಗ?" ಅಂತ ತಪ್ಪನ್ನು ಹಿಂದಿಯ ಮೇಲೆ ಹಾಕಿ, ಗೋಳಿಯ ಪಕ್ಕ ನೆಲದ ಮೇಲೆ ಕೂತು, ಅತ್ತೆಗೆ ಚುಚ್ಚುವುದನ್ನು ಹೇಳಿಕೊಟ್ಟರು. ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಗುಡಾರದ ಹಾಗೆ ಎತ್ತುವುದು, ಗುಡಾರದ ಬಾಗಿಲಿಗೆ ಸೂಜಿ ಇಳಿಸುವುದು.

"ಬಾಯಿಂದ ಕೊಟ್ರೆ ಎಂತ ಆಗ್ತದೆ? ಅದೂ ಒಳಗೇ ಹೋಗುದಲ್ದಾ?" ಅಂದರು ಮಾವ, ಇನ್ನೂ ಸೋಲೊಪ್ಪದೆ.

"ಇನ್ಸುಲಿನ್ ಅಂದ್ರ ಸಣ್ಣ ಮಣಿಸರ ಇದ್ದಂಗಲೇ. ಪೆಪ್ಟೈಡ್ ಅಂತಾರ ಅದಕ್ಕ. ಮಣಿ ಸಾಲಾಗಿ ಇದ್ದಾಗಷ್ಟ ಅದಕ್ಕ ಅರ್ಥ. ಹೊಟ್ಟಿಗೆ ಬಿತ್ತಂದ್ರ, ಇದು ಬ್ಯಾಳಿ, ಇದು ಮೊಸರು, ಇದು ಇನ್ಸುಲಿನ್ ಅಂತ ಹೊಟ್ಟಿ ವಿಚಾರ್ಸೂದಿಲ್ಲ. ಎಲ್ಲಾ ಕತ್ತರಿಸಿ ಬಿಡಿ ಮಣಿ ಮಾಡ್ತೈತಿ. ನೀ ವಾರಗಟ್ಲೆ ಅವರಿಗೆ ಔಷಧಿ ಕೊಟ್ಟಿಲ್ಲ, ತುಟ್ಟಿ ಉಪ್ಪಿಟ್ಟು ಕೊಟ್ಟಿ."

ಅಂದಿನಿಂದ ಹೋಟೆಲಿನ ಮಾಣಿಗಳು ಅವರ ಬೆನ್ನ ಹಿಂದೆ ಅವರನ್ನು ಸಣ್ಣ ಸೂಜಿ ಡಾಕ್ಟರು ಅಂತಲೇ ಕರೆದರು. ಅವರಿಗೆ ಗೊತ್ತಿತ್ತು. ಅವರು ಮಾತ್ರ ಆಮೇಲೆ ಯಾರಿಗೂ ಬರಿಯ ಸೂಜಿ ಅಂದದ್ದನ್ನು ನಾನು ಕೇಳಲಿಲ್ಲ. "ಚುಚ್ಚೂದು. ತಿನ್ನೂದಲ್ಲ," ಅಂತ ಬಾಲ ಸೇರಿಸುತ್ತಿದ್ದರು, ಎದುರಿಗಿರುವವರು ಪಂಜಾಬಿಗಳಾಗಿದ್ದರೂ.

ಅತ್ತೆಯ ಕೈ ಕುದುರಿತು. ಗೋಳಿ ಮತ್ತೆ ಗುಂಡಗಾದ. ಇಲ್ಲಿಗೆ ಕತೆ ಮುಗಿಯಬೇಕಿತ್ತು, ಮಾವನಿಗೆ ಅಳಿಯ ಇಲ್ಲದಿದ್ದರೆ.

ಮಾವನ ಮಗಳ ಗಂಡ ಮಹೇಶನ ಬಗ್ಗೆ ಏನು ಹೇಳಲಿ? ಒಳ್ಳೆಯ ಹುಡುಗ, ಅದು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳಲು ಜಾಗ ಸಿಗುವುದಿಲ್ಲ. ಠಾಣೆಯಲ್ಲಿ ಮನೆ, ವಾಗ್ಳೆ ಎಸ್ಟೇಟಿನಲ್ಲಿ ಸೇಲ್ಸ್ ಕೆಲಸ. ಏನು ಮಾರುತ್ತಾನೋ ಅದನ್ನೇ ನಂಬುವ ಜಾತಿ. ಒಂದು ವರ್ಷ ತಾಮ್ರದ ಬಾಟಲಿ, ಇನ್ನೊಂದು ವರ್ಷ ನೀರು ಶುದ್ಧ ಮಾಡುವ ಕಲ್ಲು. ಈಗ ಜಿಮ್ಮಿನ ಗೆಳೆಯರ ಸಹವಾಸದಿಂದ ಪೆಪ್ಟೈಡ್ ಹಿಡಿದುಕೊಂಡಿದ್ದ. ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಒಂದು ಪೆಪ್ಟೈಡ್ ಉಪದೇಶ ಬೀಳದೆ ನಮಗೆ ಸೂರ್ಯೋದಯವಿರಲಿಲ್ಲ. ಕೂದಲಿಗೆ ಪೆಪ್ಟೈಡ್, ಮೊಣಕಾಲಿಗೆ ಪೆಪ್ಟೈಡ್, ನೆನಪಿಗೆ ಪೆಪ್ಟೈಡ್. ನೆನಪಿನದ್ದನ್ನು ಒಂದೇ ವಾರದಲ್ಲಿ ಎರಡು ಸಲ ಕಳಿಸಿದ್ದ.

ಅದೇ ಸಮಯಕ್ಕೆ ಮಾವನಿಗೆ ಅವರ ಶುಗರ್ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಶುರು ಮಾಡಿದ್ದರು. ಅದೂ ಪೆಪ್ಟೈಡೇ. ಮಾವನ ಸಕ್ಕರೆ ಇಳಿಯಿತು, ಹೊಟ್ಟೆಯೂ ಇಳಿಯಿತು, ಪಂಚೆ ನಿಲ್ಲದೆ ಬೆಲ್ಟು ಕಟ್ಟಿಕೊಂಡರು. ಮಹೇಶನಿಗೆ ಇಷ್ಟು ಸಾಕಾಯಿತು. ಮಾವನಿಗೆ ವಾರಕ್ಕೊಂದು, ನಾಯಿಗೆ ದಿನಕ್ಕೆರಡು? ಇದೆಂಥ ಅನ್ಯಾಯ? ಎಲ್ಲಿಂದಲೋ ಅದೇ ಜಾತಿಯ ಮದ್ದಿನ ಒಂದು ಬಾಟಲಿ ತಂದ. ಮೇಲೆ ಓಡುವ ಕುದುರೆಯ ಚಿತ್ರ.

ಡಾಕ್ಟರು ಗೋಳಿಯನ್ನು ನೋಡಿ ಚಹಾಕ್ಕೆ ಕೂತಿದ್ದಾಗ ಅದನ್ನು ಅವರ ಮುಂದಿಟ್ಟ.

"ಡಾಕ್ಟರ್, ಇನ್ಸುಲಿನ್ ಬಿಟ್ಟುಬಿಡುವ. ಅದು ಕೆಮಿಕಲ್. ಇದು ಪೆಪ್ಟೈಡ್, ಎಕ್‌ದಮ್ ನ್ಯಾಚುರಲ್. ಪ್ಯಾಂಕ್ರಿಯಾಸನ್ನೇ ಫಿರ್ ಸೇ ಚಾಲೂ ಮಾಡ್ತದೆ."

"ಇನ್ಸುಲಿನ್ನೂ ಪೆಪ್ಟೈಡ, ತಗಡೇ. ದಿನಾ ಅದರ ಜಪಾ ಮಾಡ್ತಿ, ಎದುರಿಗಿದ್ರ ನಿನಗ ಗುರ್ತ ಸಿಗವಲ್ದು."

"ಆದ್ರೆ ಇದು ಆನಿಮಲ್ಸ್ ಮೇಲೆ ಟೆಸ್ಟ್ ಆಗಿದೆ!"

"ಯಾವ ಆನಿಮಲ್?"

ಮಹೇಶ ಮೊಬೈಲ್ ನೋಡಿದ. "ಇಲಿ."

"ಇಲಿಯವರು ಪರೀಕ್ಷಾ ಪಾಸಾದ್ರು, ಭಾಳ ಚಲೋ ಆತು. ಅವರ ಸರ್ಟಿಫಿಕೇಟ್ ತಗೊಂಡು ನಾಯಿಗೆ ನೌಕರಿ ಕೊಡಸ್ತೀಯೇನು?"

ಗಿರಾಕಿಗಳು ತಿರುಗಿ ನೋಡಿದರು. ಮಾವ ನಡುವೆ ಬಂದರು. "ಅಲ್ಲ ಡಾಕ್ಟ್ರೇ, ನನಗೆ ಆದದ್ದು ಅದಕ್ಕೆ ಯಾಕಾಗ್ಬಾರ್ದು? ರತ್ನನಿಗೆ ಈ ಎರಡು ಹೊತ್ತಿನ ಕಟ್ಟುಪಾಡಿನಿಂದ ಊರಿಗೆ ಹೋಗ್ಲಿಕ್ಕೂ ಆಗುದಿಲ್ಲ."

ಡಾಕ್ಟರು ಬಸಿಯಲ್ಲಿದ್ದ ಚಹಾ ಮುಗಿಸಿದರು. ಆಗ ಅವರು ಹೇಳಿದ್ದನ್ನು ನಾನು ಅನೇಕ ಕಡೆ ಹೇಳಿ ಹೆಸರು ಗಳಿಸಿದ್ದೇನೆ.

"ನಿನ್ನ ಹೋಟೆಲಿಗೆ ಗಿರಾಕಿ ಬಂದು ಕುಂತ್ರ ಏನಾಗ್ತೈತಿ? ಮಾಣಿ ಒಳಗ ಕೂಗ್ತಾನ, ಏಕ್ ಮಸಾಲಾ! ಹೌದಿಲ್ಲೋ? ಆ ಕೂಗ ನಿನ್ನ ವಾರದ ಇಂಜೆಕ್ಷನ್. ನಮ್ಮ ಕರುಳಿನ್ಯಾಗ ಊಟ ಬಿದ್ದ ಕೂಡ್ಲೆ ಅಂಥಾ ಒಂದು ಕೂಗು ಪ್ಯಾಂಕ್ರಿಯಾಸಿಗೆ ಹೋಗ್ತೈತಿ. ಅಲ್ಲಿ ಸಣ್ಣ ಸಣ್ಣ ನಡುಗಡ್ಡಿ ಅದಾವು, ನಡುಗಡ್ಡ್ಯಾಗ ಭಟ್ಟರು ಕುಂತಾರ. ಕೂಗು ಕೇಳಿದ ಭಟ್ಟ ಇನ್ಸುಲಿನ್ ಹೊಯ್ತಾನ. ಬಾಜೂಕ ಉಗ್ರಾಣದವ ಒಬ್ಬ ಕುಂತಿರ್ತಾನ, ಹೊಟ್ಟಿ ಖಾಲಿ ಇದ್ದಾಗ ದಾಸ್ತಾನಿನ ಸಕ್ಕರಿ ಹೊರಗ ಬಿಡಸಾಂವ. ಅದ ಕೂಗು ಅವನ ಬಾಯಿ ಮುಚ್ಚಸ್ತೈತಿ. ಭಟ್ಟಗ 'ಹಾಕು', ಉಗ್ರಾಣದವಗ 'ಸಾಕು'. ಗಿರಾಕಿನ ಇಲ್ಲದಾಗ ಎಷ್ಟು ಕೂಗಿದ್ರೂ ಭಟ್ಟ ಎದ್ದೇಳೂದಿಲ್ಲ, ಅಷ್ಟು ಶಾಣ್ಯಾ ಅದಾನ."

"ಅಂದ್ರೆ ಒಳ್ಳೆದೇ ಅಲ್ದಾ?" ಅಂದರು ಮಾವ.

"ನಿನಗ ಒಳ್ಳೇದು. ನಿನ್ನ ಭಟ್ಟರು ಮುದುಕ ಆಗ್ಯಾರ, ಕಿವಿ ಮಂದ ಆಗ್ಯಾವು, ಆದ್ರ ಅದಾರ. ಜೋರ್ ಕೂಗಿದ್ರ ಕೇಳ್ತಾರ. ಬೆಕ್ಕಿನವರ ಒಳಗೂ ಭಾಳ ಸಲ ಯಾರರ ಒಬ್ರು ಉಳದಿರ್ತಾರ. ಇಲಿಯವರ ಒಳಗ ಕೂಗಿ ಕೂಗಿ ಭಟ್ಟರ ಸಂಖ್ಯಾನೂ ಹೆಚ್ಚ ಮಾಡ್ಯಾರಂತ, ಇರ್ಲಿ. ನಾಯಿಯವರಿಗೆ ಈ ಬ್ಯಾನಿ ಬಂತಂದ್ರ ಭಟ್ಟರು ಸತ್ತ ಹೋಗ್ಯಾರ ಅಂತ ಅರ್ಥ. ಭಟ್ಟ ಸತ್ತಾನಲೇ! ಖಾಲಿ ಅಡಿಗಿಮನಿ ಮುಂದ ನಿಂತು ಇವ ಏಕ್ ಮಸಾಲಾ ಅಂತ ಒದರಿದ್ರ ದ್ವಾಸಿ ಬರ್ತೈತೇನು?"

ಒಳಗಿನಿಂದ ಅಣ್ಣಪ್ಪ ಭಟ್ಟರು ಸೌಟು ಸಮೇತ ಹೊರಗೆ ಬಂದರು. "ಎಂತ ಮಾರಾಯ್ರೆ, ನಾನು ಸತ್ತೆ ಅಂತ ಯಾರು ಹೇಳಿದ್ದು?"

ಹೋಟೆಲೇ ನಕ್ಕಿತು. ಮಹೇಶ ನಗಲಿಲ್ಲ. ಅವನಿಗೆ ಅವಮಾನವಾಗಿತ್ತು. ಡಾಕ್ಟರು ಎದ್ದು ಹೋಗುವಾಗ ಬಾಟಲಿಯನ್ನು ಅವನ ಕೈಗೇ ಕೊಟ್ಟರು. "ನನಗ ಪೆಪ್ಟೈಡ್ ಮ್ಯಾಲ ಸಿಟ್ಟಿಲ್ಲಪಾ. ಅದು ಒಂದು ಮಾತು ಅಷ್ಟ. ಕೇಳಾವ್ರು ಇದ್ದ ಕಡೆ ಆಡು. ಗೋಳಿಯವರಿಗೆ ಹೊರಗಿಂದ ದ್ವಾಸಿ, ಅಂದ್ರ ಇನ್ಸುಲಿನ್, ತರಸೂದು ತಪ್ಪಿಸಿದ್ರ ಅವರು ಉಳಿಯೂದಿಲ್ಲ."

ಇಷ್ಟು ಬಿಡಿಸಿ ಹೇಳಿದ ಮೇಲೂ ಮನುಷ್ಯ ತಿಳಿಯಲಿಲ್ಲವೆಂದರೆ ಅದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ನಾಲ್ಕು ಜನರೆದುರು ನಗೆಪಾಟಲಾದವನ ಹಟ. ಆ ವರ್ಷ ಕುಂದಾಪುರದಲ್ಲಿ ಅತ್ತೆಯ ತಂಗಿಯ ಮಗಳ ಮದುವೆ. ಮಾವ, ಅತ್ತೆ, ಮಗಳು ಎಲ್ಲ ಊರಿಗೆ ಹೊರಟರು. ಗಲ್ಲಾ ನೋಡಿಕೊಳ್ಳಲು ಮಹೇಶ ರಜೆ ಹಾಕಿ ಡೊಂಬಿವಲಿಗೆ ಬಂದ. ಅತ್ತೆ ಅವನಿಗೆ ಗುಡಾರ ಎತ್ತುವುದು, ಚುಚ್ಚುವುದು ಎಲ್ಲ ಹೇಳಿಕೊಟ್ಟು, ರೈಲು ಹತ್ತುವವರೆಗೂ ಹೇಳುತ್ತಲೇ ಇದ್ದರು. ಅವನು ತಲೆಯಾಡಿಸುತ್ತಲೇ ಇದ್ದ.

ಕೆಲವು ದಿನದ ಮೇಲೆ ಒಂದು ಮಧ್ಯಾಹ್ನ ನಾನು ಹೋಟೆಲಿಗೆ ಹೋದೆ. ಹಿಂಬಾಗಿಲಲ್ಲಿ ಗೋಳಿ ವಾಂತಿಯ ನಡುವೆ ಅಡ್ಡಬಿದ್ದಿದ್ದ. ಕರೆದರೆ ಕಿವಿ ಮಾತ್ರ ಅಲ್ಲಾಡಿತು. ಉಸಿರು ದೊಡ್ಡದಾಗಿ, ಕೊಳೆತ ಹಣ್ಣಿನ ವಾಸನೆ. ಮಹೇಶ ಪಕ್ಕದಲ್ಲಿ ನಿಂತು, "ಹೀಟ್ ಇರ್ಬೇಕು," ಅಂದ. ಅವನ ಮುಖ ನೋಡಿದರೇ ಹೀಟ್ ಅಲ್ಲವೆಂದು ತಿಳಿಯುತ್ತಿತ್ತು. ಇಬ್ಬರೂ ರಿಕ್ಷಾದಲ್ಲಿ ಗೋಳಿಯನ್ನು ಮಲಗಿಸಿಕೊಂಡು ವಿಠ್ಠಲವಾಡಿಗೆ ಹೋದೆವು. ದಾರಿಯುದ್ದಕ್ಕೂ ಅವನು ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ.

ಡಾಕ್ಟರು ಬಾಯಿ ಮೂಸಿದರು. ತಲೆಯೆತ್ತಿ ಮಹೇಶನನ್ನು ನೋಡಿದರು.

"ಇನ್ಸುಲಿನ್?"

"ನಿಲ್ಲಿಸಿದ್ದೆ," ಅಂದ. "ಆ ಇನ್ನೊಂದು ಕೊಟ್ಟೆ. ಮಾವ ಬರುವಾಗ ಗೋಳಿ ಠೀಕ್ ಆಗಿರ್ತಾನೆ, ಎಲ್ಲರಿಗೂ ತೋರಿಸುವ ಅಂತ..."

ನಾನು ಗೋಡೆಗೆ ಒತ್ತಿ ನಿಂತೆ, ಗುಜರಿ ಅಂಗಡಿ ಬೀಳುತ್ತದೆ ಅಂತ. ಬೀಳಲಿಲ್ಲ. ಡಾಕ್ಟರು ಸಲೈನಿನ ಬಾಟಲಿ ಕಟ್ಟುತ್ತ, ಅವನೊಬ್ಬನಿಗೇ ತಗ್ಗಿದ ದನಿಯಲ್ಲಿ ಅಂದರು, "ನೀವು ಹೊರಗ ಕುಂಡ್ರಿ."

ಮಹೇಶ ಹೊರಗೆ ಬೆಂಚಿನ ಮೇಲೆ ಕೂತ. ಇಸ್ತ್ರಿಯವನು ಚಹಾ ಬೇಕೇ ಅಂತ ಕೇಳಿದರೂ ತಲೆ ಎತ್ತಲಿಲ್ಲ. ನಾನು ಹತ್ತಿರ ಹೋದಾಗ, ಆ ದೊಡ್ಡ ಗಂಡಸು, ಜಿಮ್ಮಿನ ತೋಳಿನವನು, ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಂಡು, "ನನಗೆ 'ನೀವು' ಅಂದ್ರು," ಅಂದ.

ಆ ಸಂಜೆ ಊರಿಗೆ ಫೋನು ಮಾಡಿ ಎಲ್ಲವನ್ನೂ ಅವನೇ ಅತ್ತೆಗೆ ಹೇಳಿದ. ಅತ್ತೆ ಕೇಳಿ ಫೋನಿಟ್ಟರಂತೆ. ಡಾಕ್ಟರು ಮನೆಗೆ ಹೋಗಲಿಲ್ಲ. ಸಲೈನು, ಸ್ವಲ್ಪ ಸ್ವಲ್ಪವಾಗಿ ಇನ್ಸುಲಿನ್, ಮತ್ತೆ ಕಿವಿಯಿಂದ ರಕ್ತ, ಮತ್ತೆ ಸ್ವಲ್ಪ. ನಡುನಡುವೆ "ಸಾಹೇಬ್ರ, ಇನ್ನೊಂದ್ ಸ್ವಲ್ಪ ತಡ್ಕೋರಿ" ಅನ್ನುವ ಅವರ ದನಿ ಶಟರಿನ ಆಚೆಗೂ ಕೇಳುತ್ತಿತ್ತು. ಮಹೇಶ ಬೆಂಚು ಬಿಡಲಿಲ್ಲ. ಮರುದಿನ ಹೊತ್ತೇರಿದ ಮೇಲೆ ಗೋಳಿ ತಲೆಯೆತ್ತಿ, ಅವರ ಅಂಗೈಯಿಂದ ನೀರು ನೆಕ್ಕಿದ.

ಆಗ ಒಳಗಿನಿಂದ ಬಂತು: "ಲೇ ತಗಡೇ! ಸತ್ತೀಯೇನು ಹೊರಗ? ಒಳಗ ಬಾ."

ಪ್ರಮೋಶನ್ ಸಿಕ್ಕವನೂ ಹಾಗೆ ಓಡಿಹೋಗುವುದಿಲ್ಲ. ಡಾಕ್ಟರು ಅವನ ಕೈಗೆ ಸೂಜಿ ಕೊಟ್ಟು, "ಇನ್ ಮ್ಯಾಲ ಇವರ ದ್ವಾಸಿ ನಿನ್ನ ಕೆಲಸ. ಕೈ ನಡುಗಿದ್ರ ನಡುಗ್ಲಿ, ಹೊತ್ತು ತಪ್ಪಬಾರ್ದು," ಅಂದರು. ಅತ್ತೆ ಊರಿನಿಂದ ಬಂದವರು ಎಷ್ಟೋ ದಿನ ಅಳಿಯನೊಡನೆ ಮಾತಾಡಲಿಲ್ಲ. ಅವನು ಆಫೀಸಿನ ಹೊತ್ತು ಬದಲಿಸಿಕೊಂಡು, ಬೆಳಿಗ್ಗೆ ಠಾಣೆಯಿಂದ ಉಲ್ಟಾ ದಿಕ್ಕಿನ ರೈಲು ಹಿಡಿದು ಡೊಂಬಿವಲಿಗೆ ಬಂದು, ಚುಚ್ಚಿ, ಮತ್ತೆ ವಾಗ್ಳೆ ಎಸ್ಟೇಟಿಗೆ ಹೋಗುತ್ತಿದ್ದ. ಸಂಜೆ ಮತ್ತೆ ಅದೇ. ಕೊನೆಗೆ ಹೋಟೆಲಿನ ಹತ್ತಿರವೇ ಬಾಡಿಗೆ ಮನೆ ಹಿಡಿದ. ಫ್ಯಾಮಿಲಿ ಗ್ರೂಪಿನಲ್ಲಿ ಗುಲಾಬಿ ಹೂವು ಒಂದೇ ಬೀಳತೊಡಗಿತು.

ವಿಠ್ಠಲವಾಡಿಯ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. ಡಾಕ್ಟರು ಬೇರೆ ಜಾಗ ಹುಡುಕಲಿಲ್ಲ. ಮೈಯಲ್ಲಿ ಹುಷಾರಿಲ್ಲ ಅಂತ ಕೋಪರಖೈರಣೆಯ ತಂಗಿಯ ಮನೆಗೆ ಹೋದರು. ಏನಾಗಿದೆ ಅಂತ ಕೇಳಿದರೆ, "ನೀ ಡಾಕ್ಟರೇನು?" ಅನ್ನುತ್ತಿದ್ದರು.

ಒಮ್ಮೆ ಗೋಳಿಯನ್ನು ಕರೆದುಕೊಂಡು ಬರಲು ಹೇಳಿ ಕಳಿಸಿದರು. ಮಹೇಶನೂ ನಾನೂ ಹೋದೆವು. ಸೊಸೈಟಿಯ ಲಿಫ್ಟಿನಲ್ಲಿ ನಾಯಿಗೆ ಪ್ರವೇಶವಿರಲಿಲ್ಲ. ಡಾಕ್ಟರೇ ಕಂಬಿ ಹಿಡಿದು ಮೆಟ್ಟಿಲಿಳಿದು ಬಂದು ವಾಚ್‌ಮನ್ನನ ಕುರ್ಚಿಯಲ್ಲಿ ಕೂತರು. ಬಹಳ ಇಳಿದುಹೋಗಿದ್ದರು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಗೋಳಿಯ ಕಣ್ಣಿನಲ್ಲಿ ಪೊರೆ ಬಂದಿತ್ತು, ಈ ಬೇನೆಯಲ್ಲಿ ನಾಯಿಗಳಿಗೆ ಬರುವುದೇ ಹಾಗೆ. ವಾಸನೆ ಹಿಡಿದು ನೇರ ಅವರ ತೊಡೆಗೆ ಮೂತಿ ಇಟ್ಟ. ಅವರು ಬಾಯಿ ಮೂಸಿದರು, ಚರ್ಮ ಎಳೆದು ಬಿಟ್ಟರು, ಹೊಟ್ಟೆಗೆ ಅಂಗೈ ಊರಿದರು. ಹೊತ್ತಾಗಿತ್ತು. ಮಹೇಶ ಕೇಳದೆಯೇ ಐಸಿನ ಡಬ್ಬಿ ತೆರೆದು, ಬಟ್ಟಲಿಗೆ ಊಟ ಹಾಕಿ, ಗೋಳಿ ತಿನ್ನುತ್ತಿರುವಾಗಲೇ ಚರ್ಮ ಎತ್ತಿ ಚುಚ್ಚಿದ. ಗೋಳಿ ತಿನ್ನುವುದನ್ನು ನಿಲ್ಲಿಸಲಿಲ್ಲ. ಡಾಕ್ಟರು ಎಲ್ಲವನ್ನೂ ನೋಡಿದರು. ಬಾಯಿ ತೆರೆದರು, ಬೈಯಲು ಏನಾದರೂ ಸಿಗುತ್ತದೋ ಅಂತ ಹುಡುಕಿದರು, ಸಿಗಲಿಲ್ಲ. ವಾಚ್‌ಮನ್ನನನ್ನು ಬೈದರು, ಗೇಟಿನ ಹತ್ತಿರ ಒಂದು ನೀರಿನ ಬಟ್ಟಲಾದರೂ ಇಡಬಾರದೇ ಅಂತ.

ಅದೇ ಕೊನೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವರ ತಂಗಿಯ ಫೋನು ನನಗೆ ಬಂತು. ನಾನು ಹೋಟೆಲಿನ ಹಿಂಬಾಗಿಲಲ್ಲೇ ಇದ್ದೆ. ಮಹೇಶ ಗೋಳಿಯ ಮುಂದೆ ಊಟದ ಬಟ್ಟಲಿಟ್ಟು, ನೆಲದ ಮೇಲೆ ಕೂತು ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತಿದ್ದ. ನನ್ನ ಮುಖ ನೋಡಿ, "ಯಾರು?" ಅಂದ. ಡಾಕ್ಟರು ತೀರಿಕೊಂಡರು ಅಂತ ಹೇಳಿದೆ.

ಅವನು ಕೈಯಲ್ಲಿದ್ದದ್ದನ್ನು ಕೆಳಗಿಡಲಿಲ್ಲ. ಸೂಜಿಯನ್ನು ಬೆಳಕಿಗೆ ಹಿಡಿದು ಗೆರೆ ನೋಡಿದ, ಗುಳ್ಳೆ ತಟ್ಟಿ ತೆಗೆದ, ಚರ್ಮ ಎತ್ತಿ ಚುಚ್ಚಿದ, ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದ. ಸೂಜಿಗೆ ಮುಚ್ಚಳ ಹಾಕಿದ. ಆಮೇಲೆ ಗೋಳಿಯ ಬೆನ್ನಿಗೆ ಹಣೆ ಹಚ್ಚಿ ಅತ್ತ. ಗೋಳಿ ಬಟ್ಟಲು ನೆಕ್ಕಿ ಮುಗಿಸುವವರೆಗೂ ಅಲುಗದೆ ನಿಂತಿದ್ದ.